ಹೆಲಿಕಾಪ್ಟರಿಗೆ ತಂತಿ ಏಕೆ ಕಾಣುವುದಿಲ್ಲ?

2014ರ ಜನವರಿ 14ರಂದು ನಾರ್ವೆಯ ಸೊಲ್ಲಿಹೊಗ್ಡಾ ಎಂಬಲ್ಲಿ ರಸ್ತೆ ಅಪಘಾತದ ಸ್ಥಳಕ್ಕೆ ನೆರವಿಗೆಂದು ಹೋದ ಆಂಬುಲೆನ್ಸ್ ಹೆಲಿಕಾಪ್ಟರ್, ಇಳಿಯುವಾಗ ವಿದ್ಯುತ್ ತಂತಿಗೆ ತಗುಲಿ ಬಿತ್ತು. ಅದರಲ್ಲಿದ್ದ ಮೂವರಲ್ಲಿ ಇಬ್ಬರು ಸತ್ತರು. ಜೀವ ಉಳಿಸಲು ಹೋದವರೇ ಜೀವ ತೆತ್ತರು. ನುರಿತ ಪೈಲಟ್‌ಗಳಿಗೂ ತಂತಿ ಕಾಣದೆ ಹೋಗುವುದೇಕೆ? ಉತ್ತರಕ್ಕೆ ಪ್ರೌಢಶಾಲೆಯ ಗಣಿತ ಸಾಕು.

ಎರಡು ಬಿಂದುಗಳು ನಮಗೆ ಬೇರೆ ಬೇರೆಯಾಗಿ ಕಾಣಬೇಕಾದರೆ ಅವು ಕಣ್ಣಿನಲ್ಲಿ ಸುಮಾರು ಒಂದು ಮಿನಿಟ್ (ಡಿಗ್ರಿಯ 60ನೇ ಒಂದು ಭಾಗ) ಕೋನ ಉಂಟುಮಾಡಬೇಕು. ಇದು 0.00029 ರೇಡಿಯನ್. ನಮ್ಮ 400 ಕಿಲೋವೋಲ್ಟ್ ಮಾರ್ಗಗಳಲ್ಲಿ ಬಳಸುವ ವಾಹಕದ ವ್ಯಾಸ ಸುಮಾರು 32 ಮಿ.ಮೀ. ವ್ಯಾಸವನ್ನು ಕೋನದಿಂದ ಭಾಗಿಸಿದರೆ 110 ಮೀಟರ್ ಬರುತ್ತದೆ. ಗಂಟೆಗೆ 200 ಕಿ.ಮೀ. ವೇಗದ ಹೆಲಿಕಾಪ್ಟರ್ ಈ ದೂರವನ್ನು ಎರಡೇ ಸೆಕೆಂಡುಗಳಲ್ಲಿ ಕ್ರಮಿಸುತ್ತದೆ! ಸಿಡಿಲಿನಿಂದ ರಕ್ಷಿಸಲು ಎಲ್ಲಕ್ಕಿಂತ ಮೇಲೆ ಕಟ್ಟುವ ಭೂತಂತಿ ಇನ್ನೂ ತೆಳು, ಸುಮಾರು 11 ಮಿ.ಮೀ. ಅದಕ್ಕೆ ಸಿಗುವುದು 38 ಮೀಟರ್, ಅಂದರೆ 0.7 ಸೆಕೆಂಡು. ಕೆಳಗಿನ ದಪ್ಪ ತಂತಿಗಳನ್ನು ಕಂಡು ಮೇಲೇರಿದ ಪೈಲಟ್ ಈ ಭೂತಂತಿಗೆ ಸಿಲುಕುವುದುಂಟು.

ಇಲ್ಲೊಂದು ಸೂಕ್ಷ್ಮವಿದೆ. ಉದ್ದನೆಯ ಕಪ್ಪು ಗೆರೆ ಬೆಳ್ಳನೆಯ ಆಕಾಶದ ಎದುರು ಇದಕ್ಕಿಂತ ಬಹು ದೂರದಿಂದಲೂ ಕಾಣುತ್ತದೆ. ಆದರೆ ಬಣ್ಣಗುಂದಿದ ಅಲ್ಯೂಮಿನಿಯಂ ತಂತಿಯ ಹಿಂದೆ ಕಾಡು ಅಥವಾ ಬೆಟ್ಟವಿದ್ದರೆ ಹೊಳಪಿನ ವ್ಯತ್ಯಾಸ ಇಲ್ಲವಾಗಿ ತಂತಿ ಮರೆಯಾಗುತ್ತದೆ. ಆದ್ದರಿಂದಲೇ ತಂತಿಯನ್ನು ಹುಡುಕಬೇಡಿ, ಟವರ್ ಹುಡುಕಿ ಎಂದು ಪೈಲಟ್‌ಗಳಿಗೆ ಕಲಿಸುತ್ತಾರೆ. ಮಾರ್ಗವನ್ನು ದಾಟುವುದೂ ಟವರಿನ ನೆತ್ತಿಯ ಮೇಲೆಯೇ.

ಇಂಥ ಅಪಘಾತಗಳಲ್ಲಿ ಕೊಲ್ಲುವುದು ವಿದ್ಯುತ್ತೆಂದು ಅನೇಕರ ನಂಬಿಕೆ. ಒಂದೇ ತಂತಿಯ ಮೇಲೆ ಕುಳಿತ ಹಕ್ಕಿಗೆ ಆಘಾತವಾಗುವುದಿಲ್ಲ ಎಂಬುದನ್ನು ನೆನೆಯಿರಿ. ಗಾಳಿಯಲ್ಲಿರುವ ಹೆಲಿಕಾಪ್ಟರಿಗೂ ನೆಲದ ಸಂಪರ್ಕವಿಲ್ಲ. ಎರಡು ವಾಹಕಗಳು ಒಟ್ಟಿಗೆ ತಗುಲಿದರೆ ಮಾತ್ರ ಕಿಡಿಯ ಅಪಾಯ ದೊಡ್ಡದು. ಸಾಮಾನ್ಯವಾಗಿ ಅನಾಹುತ ಯಾಂತ್ರಿಕವಾದದ್ದು: ತಂತಿ ರೋಟರಿನ ಕಂಬಕ್ಕೆ ಸುತ್ತಿಕೊಂಡು, ಅಲಗುಗಳ ಓರೆಯನ್ನು ಬದಲಿಸುವ ಸರಳುಗಳನ್ನು ಮುರಿಯುತ್ತದೆ, ಹತೋಟಿ ತಪ್ಪುತ್ತದೆ. 2025ರ ಮೇ 8ರಂದು ಉತ್ತರಕಾಶಿ ಬಳಿ ಆರು ಜನ ಸತ್ತ ದುರಂತದಲ್ಲಿ ರೋಟರ್ ಅಲಗಿಗೆ ಬಡಿದದ್ದು ರಸ್ತೆಬದಿಯ ಫೈಬರ್ ಕೇಬಲ್ ಎಂದು ಪ್ರಾಥಮಿಕ ತನಿಖಾ ವರದಿ ಹೇಳಿತು. ಅದರಲ್ಲಿ ವಿದ್ಯುತ್ತೇ ಹರಿಯುವುದಿಲ್ಲ.

ಪರಿಹಾರವೇನು? 1970ರ ದಶಕದ ಕೊನೆಯಲ್ಲಿ ಕೆನಡಾದ ಬ್ರಿಸ್ಟಲ್ ಏರೋಸ್ಪೇಸ್ ಸಂಸ್ಥೆ ತಂತಿ ಕತ್ತರಿಸುವ ಸಾಧನವನ್ನು ರೂಪಿಸಿತು. ಹೆಲಿಕಾಪ್ಟರಿನ ಮೇಲೂ ಕೆಳಗೂ ಜೋಡಿಸಿದ ಹರಿತವಾದ ಕವೆಗಳೊಳಗೆ ತಂತಿ ಜಾರಿ ತುಂಡಾಗುತ್ತದೆ. ಕತ್ತರಿಸುವ ಬಲ ಬರುವುದು ಹೆಲಿಕಾಪ್ಟರಿನ ಸಂವೇಗದಿಂದ. ಹಾಗಾಗಿ ನಿಧಾನವಾಗಿ ಇಳಿಯುವಾಗ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ.

ಸರಳವಾದ ಉಪಾಯ ತಂತಿಗೆ ಬಣ್ಣದ ಗೋಳಗಳನ್ನು ಕಟ್ಟುವುದು. ಅಂತರರಾಷ್ಟ್ರೀಯ ನಿಯಮದಂತೆ ಗೋಳದ ವ್ಯಾಸ ಕನಿಷ್ಠ 60 ಸೆಂ.ಮೀ. ಇರಬೇಕು. ಮೇಲಿನ ಲೆಕ್ಕವನ್ನೇ ಮಾಡಿ ನೋಡಿ: ಎರಡು ಕಿಲೋಮೀಟರಿಗೂ ತುಸು ಹೆಚ್ಚು! ಎರಡು ಸೆಕೆಂಡಿನ ಬದಲು ಅರ್ಧ ನಿಮಿಷಕ್ಕೂ ಮಿಗಿಲಾದ ಕಾಲಾವಕಾಶ.

ಶಿಕ್ಷಕರು ಇದನ್ನು ಆಟದ ಮೈದಾನದಲ್ಲೇ ತೋರಿಸಬಹುದು. ಎರಡು ಕೋಲುಗಳ ನಡುವೆ ಬೂದು ಬಣ್ಣದ ದಾರ ಕಟ್ಟಿ. ಒಮ್ಮೆ ಅದರ ಹಿಂದೆ ಸುಣ್ಣ ಬಳಿದ ಗೋಡೆಯಿರಲಿ, ಇನ್ನೊಮ್ಮೆ ಗಿಡಮರಗಳಿರಲಿ. ದಾರ ಎಷ್ಟು ದೂರದಲ್ಲಿ ಕಾಣದಾಗುತ್ತದೆಂದು ಮಕ್ಕಳು ಹೆಜ್ಜೆ ಹಾಕಿ ಅಳೆಯಲಿ. ನಂತರ ದಾರಕ್ಕೊಂದು ಕೆಂಪು ಚೆಂಡು ಕಟ್ಟಿ ಮತ್ತೆ ಅಳೆಯಲಿ. ಆ ಚೆಂಡಿನ ಬೆಲೆ ಎಷ್ಟೆಂಬುದು ಆಗ ಯಾರೂ ಹೇಳದೆಯೇ ತಿಳಿಯುತ್ತದೆ.