ನೂರಾರು ಮೆಚ್ಚುಗೆ, ಮೂರು ಸೀರೆ

ಬ್ಯಾಂಕಿನಿಂದ ನಿವೃತ್ತನಾದ ಮೇಲೆ ನಾನು ಕಲಿತ ವಿದ್ಯೆ ಸೀರೆ ಮಾರುವುದು. ಇಳಕಲ್ಲಿನ ನೇಕಾರ ಬಂಧುವೊಬ್ಬರ ಸೀರೆಗಳನ್ನು ಸಾಮಾಜಿಕ ಜಾಲತಾಣದ ಮೂಲಕ ಬೆಂಗಳೂರಿನವರಿಗೆ ಪರಿಚಯಿಸುವ ಹೊಣೆ ಹೊತ್ತಾಗ, ಜಾಹೀರಾತೆಂದರೆ ಅಂದದ ಚಿತ್ರ ಎಂದಷ್ಟೇ ತಿಳಿದಿದ್ದೆ. ಮೊದಲ ಚಿತ್ರಕ್ಕೆ ನೂರಾರು ಮೆಚ್ಚುಗೆಗಳು ಬಂದವು. ಮಾರಾಟವಾದದ್ದು 3 ಸೀರೆ, ಅದರಲ್ಲಿ ಎರಡು ನೆಂಟರಿಗೆ. ಹಣ ತೆತ್ತು ಅದೇ ಚಿತ್ರವನ್ನು ಮತ್ತಷ್ಟು ಜನರಿಗೆ ತೋರಿಸಿದೆ. ಮೆಚ್ಚುಗೆ ಹೆಚ್ಚಿತು, ಅಷ್ಟೆ.

ಕಣ್ಣು ತೆರೆಸಿದ್ದು ಗ್ರಾಹಕಿಯೊಬ್ಬರ ಪ್ರಶ್ನೆ: ‘ಇದು ಕೈಮಗ್ಗದ್ದೆಂದು ನಂಬುವುದು ಹೇಗೆ?’ 2007ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎಳೆಗೆ ಎಳೆ ಕೊಂಡಿ ಹಾಕಿ ಎರಡನ್ನೂ ಬೆಸೆಯುತ್ತಾರೆ. ಆ ಕೈಚಳಕವನ್ನೇ ಮೊಬೈಲಿನಲ್ಲಿ ಚಿತ್ರೀಕರಿಸಿ, ಬೆಲೆಯನ್ನೂ ಮುಚ್ಚಿಡದೆ ಬರೆದು ಹಾಕಿದೆ. ಮೆಚ್ಚುಗೆ ಇಳಿಯಿತು, ವಿಚಾರಣೆಗಳು ಏರಿದವು.

ಆದರೆ ಈ ಅಂಗಡಿಯ ಬೀಗದ ಕೈ ನಮ್ಮಲ್ಲಿಲ್ಲ. 2020ರ ಜೂನ್‌ನಲ್ಲಿ ಭಾರತ ಟಿಕ್‌ಟಾಕ್ ನಿಷೇಧಿಸಿದಾಗ, ಅಲ್ಲಿ ಅನುಯಾಯಿಗಳನ್ನು ಕೂಡಿಸಿಕೊಂಡಿದ್ದ ಇಲ್ಲಿನವರು ಅವರನ್ನು ಹಠಾತ್ತನೆ ಕಳೆದುಕೊಂಡರು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್ ಮೂರೂ ಸುಮಾರು ಆರು ತಾಸು ಸ್ತಬ್ಧಗೊಂಡಿದ್ದವು. ಹಾಗಾಗಿ ಕೊಂಡವರ ಹೆಸರು, ದೂರವಾಣಿ ಸಂಖ್ಯೆಗಳನ್ನು ಅವರ ಒಪ್ಪಿಗೆ ಪಡೆದು ಲೆಡ್ಜರಿನಲ್ಲಿ ಬರೆದಿಡುತ್ತೇನೆ. ಬ್ಯಾಂಕಿನವರ ಚಟ ಎಂದು ಮಗಳು ನಗುತ್ತಾಳೆ. ಕಳೆದ ದೀಪಾವಳಿಗೆ ಮಾರಿದ 14 ಸೀರೆಗಳಲ್ಲಿ 9, ಆ ಲೆಡ್ಜರು ನೋಡಿ ಮಾಡಿದ ಕರೆಗಳಿಂದಲೇ ಹೋದವು.