ಫ್ರೆಡ್ಡಿ ಕಲಿತ ಊರಿನಲ್ಲಿ

ಪಂಚಗಣಿಗೆ ಹೋಗುವವರು ಸಾಮಾನ್ಯವಾಗಿ ಟೇಬಲ್ ಲ್ಯಾಂಡ್ ನೋಡಿ, ಸ್ಟ್ರಾಬೆರಿ ತಿಂದು ಮಹಾಬಳೇಶ್ವರಕ್ಕೆ ಸಾಗುತ್ತಾರೆ. ಹೋದ ಚಳಿಗಾಲದಲ್ಲಿ ನಾವು ಪುಣೆಯಿಂದ ಎಸ್.ಟಿ. ಬಸ್ಸು ಹಿಡಿದು, ವಾಯಿಯ ಮೇಲೆ ಘಾಟು ಹತ್ತಿದ್ದು ಮಾತ್ರ ಒಂದು ಶಾಲೆಯನ್ನು ನೋಡಲು. ರಾಕ್ ಸಂಗೀತದ ಹೆಸರಾಂತ ಗಾಯಕ ಫ್ರೆಡ್ಡಿ ಮರ್ಕ್ಯುರಿ ಕಲಿತದ್ದು ಅಲ್ಲಿನ ಸೇಂಟ್ ಪೀಟರ್ಸ್ ಶಾಲೆಯಲ್ಲಿ. ಹಟ ಹಿಡಿದವನು ಆರನೆಯ ಇಯತ್ತೆಯ ನಮ್ಮ ಮಗ. ನಮಗೋ, ನಿಜ ಹೇಳಬೇಕೆಂದರೆ, ಮಲ್ಲಿಕಾರ್ಜುನ ಮನಸೂರರ ಆಚೆಗೆ ಕಿವಿ ಹೋದದ್ದೇ ಕಡಿಮೆ.

ಈ ಫ್ರೆಡ್ಡಿಯ ಮೂಲ ಹೆಸರು ಫರೋಖ್ ಬುಲ್ಸಾರಾ, ಪಾರ್ಸಿ ಮನೆತನ. 1946ರ ಸೆಪ್ಟೆಂಬರ್ 5ರಂದು ಆಫ್ರಿಕದ ಮಗ್ಗುಲಿನ ಜಂಜಿಬಾರ್ ದ್ವೀಪದಲ್ಲಿ ಹುಟ್ಟಿದನು. ತಂದೆ ಅಲ್ಲಿನ ಬ್ರಿಟಿಷ್ ಸರಕಾರಿ ಕಚೇರಿಯಲ್ಲಿ ಕ್ಯಾಷಿಯರ್, ಎಂದರೆ ನಮ್ಮ ಕುಲದವರೇ! ಮಗನಿಗೆ ಒಳ್ಳೆಯ ವಿದ್ಯೆಯಾಗಲೆಂದು ಎಂಟು ವರ್ಷದ ಹುಡುಗನನ್ನು ಕಡಲು ದಾಟಿಸಿ ಈ ಗುಡ್ಡದ ಮೇಲೆ ತಂದಿಟ್ಟರು. ರಜೆಯಲ್ಲಿ ಮುಂಬಯಿಯ ಬಂಧುಗಳ ಮನೆ. ಫ್ರೆಡ್ಡಿಯೆಂಬ ಹೆಸರು ಬಿದ್ದದ್ದು, ಪಿಯಾನೋ ಕಲಿತದ್ದು, ಐದು ಹುಡುಗರು ಕೂಡಿ 'ಹೆಕ್ಟಿಕ್ಸ್' ಎಂಬ ಮೇಳ ಕಟ್ಟಿದ್ದು ಎಲ್ಲವೂ ಇಲ್ಲಿಯೇ. 1964ರಲ್ಲಿ ಜಂಜಿಬಾರಿನಲ್ಲಿ ಕ್ರಾಂತಿಯಾಗಿ ಮನೆಯವರು ಇಂಗ್ಲೆಂಡು ಸೇರಿದರು. ಮುಂದಿನ ಕೀರ್ತಿಯನ್ನು ನಾವು ಹೇಳಬೇಕಾದದ್ದಿಲ್ಲ. 1991ರ ನವೆಂಬರ್ 24ರಂದು ಲಂಡನ್ನಿನಲ್ಲಿ ತೀರಿಕೊಂಡಾಗ ಅವನಿಗೆ 45 ವರ್ಷ. ಚಿತಾಭಸ್ಮ ಎಲ್ಲಿದೆಯೆಂಬುದನ್ನು ಆಪ್ತರು ಗುಟ್ಟಾಗಿಯೇ ಇಟ್ಟರು. ಹೀಗಾಗಿ ಅಭಿಮಾನಿಗಳು ಸ್ವಿಟ್ಜರ್ಲೆಂಡಿನ ಮೊಂತ್ರೂದಲ್ಲಿ ಸರೋವರದ ದಂಡೆಯ ಪ್ರತಿಮೆಗೆ ಹೂವಿಡುತ್ತಾರೆ. ನಮ್ಮಂಥವರಿಗೆ ಪಂಚಗಣಿಯೇ ಸರಿ.

ಶಾಲೆ ನಡೆಯುತ್ತಿದ್ದ ದಿನ. ಒಳಗೆ ಹೋಗುವುದು ಸರಿಯಲ್ಲವೆಂದು ಗೇಟಿನ ಹೊರಗೇ ನಿಂತೆವು. ಹುಡುಗರ ಆಟದ ಕೂಗು ಕೇಳುತ್ತಿತ್ತು. ಮಗ ಬಹಳ ಹೊತ್ತು ಸುಮ್ಮನಿದ್ದು, "ಅಪ್ಪಾ, ಅಂವಾ ಹಬ್ಬಕ್ಕ ಮನೀಗೆ ಹೋಗ್ತಿದ್ನೇನು?" ಎಂದ.

"ಜಂಜಿಬಾರು ಅಷ್ಟು ಸಮೀಪ ಇಲ್ಲಪಾ."

"ಧಾರವಾಡ?"

ವಾಚಕರಿಗೆ ಇದನ್ನು ಬಿಡಿಸಿ ಹೇಳಬೇಕು. ಹುಡುಗನ ಕನ್ನಡ ಕೆಡುತ್ತಿದೆ, ಧಾರವಾಡದ ಹಾಸ್ಟೆಲಿಗೆ ಹಾಕೋಣವೆಂದು ನಮ್ಮ ವಿಚಾರ. ಅವನ ತಾಯಿಗೆ ಒಪ್ಪಿಗೆಯಿಲ್ಲ. ಅವನ ಕಿವಿಗೆ ಬಿದ್ದಿಲ್ಲವೆಂದೇ ನಾವು ತಿಳಿದಿದ್ದೆವು.

"ಧಾರವಾಡ ಸಮೀಪ ಅದ. ಒಂದ ರಾತ್ರಿ ಹಾದಿ," ಎಂದೆವು. ಮನೆಯವರು ಸೆರಗು ಸರಿಪಡಿಸಿಕೊಂಡು ಆಚೆ ನೋಡಿದರು.

ಇಳಿಯುವಾಗ ಬಸ್ಸಿನಲ್ಲಿ ಹುಡುಗ ನಮ್ಮ ತೊಡೆಯ ಮೇಲೆ ನಿದ್ದೆ ಹೋದ. ವಾಯಿ ದಾಟುವವರೆಗೆ ಯಾರೂ ಮಾತಾಡಲಿಲ್ಲ. ಹಾಸ್ಟೆಲಿನ ಅರ್ಜಿ ಕಪಾಟಿನಲ್ಲಿದೆ, ಸಹಿಯೊಂದು ಬಾಕಿ.