ಓಡುವ ಲಾರಿ ನಡುಗುವುದೇಕೆ?

ಕಲಬುರಗಿ ಜಿಲ್ಲೆಯ ರಾವೂರ, ವಾಡಿ, ಶಹಾಬಾದ, ಚಿತ್ತಾಪುರ, ಸೇಡಂಗಳ ಸುತ್ತಿನ ನೆಲವನ್ನು ಅಗೆದರೆ ಮೇಲೆ ಕರಿಯ ಎರೆಮಣ್ಣು, ಅದರ ಕೆಳಗೆ ಹಾಳೆಯ ಮೇಲೆ ಹಾಳೆಯನ್ನು ಅಡಕಿಟ್ಟಂತೆ ಸುಣ್ಣಕಲ್ಲು ದೊರೆಯುವುದು. ಹಾಳೆಗಳನ್ನು ಬಿಡಿಸಿ ತೆಗೆದರೆ ಅದು ಮನೆಯ ನೆಲಕ್ಕೆ ಹಾಸುವ ಶಹಾಬಾದ ಕಲ್ಲು, ಅರ್ಥಾತ್ ಫರಸಿ. ಜೇಡಿಯೊಡನೆ ಗೂಡಿನಲ್ಲಿ ಸುಟ್ಟು ಅರೆದರೆ ಅದೇ ಸಿಮೆಂಟು. ಎರಡೂ ಭಾರವಾದ ಸರಕುಗಳು, ಎರಡಕ್ಕೂ ದೂರದೂರದಿಂದ ಬೇಡಿಕೆ. ಹೀಗಾಗಿ ಈ ಭಾಗದ ರಸ್ತೆಗಳಲ್ಲಿ ಹಗಲಿರುಳೆನ್ನದೆ ಲಾರಿಗಳ ಸಾಲು ಹರಿಯುತ್ತಿರುತ್ತದೆ.

ಇಂಥ ಲಾರಿಗಳನ್ನು ನಡೆಸುವವರ ಬಾಯಲ್ಲಿ ನಾವು ಪದೇ ಪದೇ ಕೇಳುವ ದೂರೊಂದಿದೆ. ಊರೊಳಗೆ ಮೆಲ್ಲಗೆ ಸಾಗುವಾಗ ಗಾಡಿ ಸಾಧುವಾಗಿರುತ್ತದೆ. ಹೆದ್ದಾರಿಗೆ ಬಂದು ವೇಗ ಗಂಟೆಗೆ ೬೦ ಕಿಲೋಮೀಟರನ್ನು ಮೀರಿತೋ, ಸ್ಟೇರಿಂಗು ಕೈಯಲ್ಲಿ ಅದುರತೊಡಗುವುದು. ೭೦ರ ಸುಮಾರಿಗೆ ಬದಿಯ ಕನ್ನಡಿಯಲ್ಲಿ ಹಿಂದಿನ ವಾಹನವು ಎರಡಾಗಿ ಕಾಣುವುದು. ಸೋಜಿಗವೆಂದರೆ, ವೇಗ ಇನ್ನೂ ಏರಿದಾಗ ಕೆಲವು ಲಾರಿಗಳಲ್ಲಿ ನಡುಕವು ತಾನಾಗಿ ಅಡಗಿಬಿಡುತ್ತದೆ! ಸರಕು ಇಳಿಸಿ ಖಾಲಿ ಮರಳುವಾಗಲಂತೂ ಹಾವಳಿ ಹೆಚ್ಚು. ರಸ್ತೆಯನ್ನು ದೂರಿ ಸುಮ್ಮನಾಗುವವರುಂಟು; ಗಾಲಿಗೆ ಸೀಸದ ತುಂಡುಗಳನ್ನು ಬಡಿಸಿ, ಫಲವಿಲ್ಲದೆ ಹಣ ಕಳೆದುಕೊಳ್ಳುವವರೂ ಉಂಟು. ಆದರೆ ಈ ನಡುಕವು ಲೆಕ್ಕಕ್ಕೆ ಸಿಕ್ಕುವ ವಿಷಯ. ಕಾಲೇಜಿನ ಮೊದಲ ವರ್ಷದ ಭೌತಶಾಸ್ತ್ರಕ್ಕಿಂತ ಹೆಚ್ಚಿನದೇನೂ ಇದಕ್ಕೆ ಬೇಕಾಗಿಲ್ಲ.

ಗಾಲಿಯಿಂದಲೇ ಆರಂಭಿಸೋಣ. ಲಾರಿಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಟೈರಿನ ಒಂದು ಅಳತೆ ಎಂದರೆ ಅಗಲ ೧೦ ಅಂಗುಲ, ಅದು ಕೂರುವ ಕಬ್ಬಿಣದ ರಿಮ್ಮಿನ ವ್ಯಾಸ ೨೦ ಅಂಗುಲ. ಭಾರ ಹೊತ್ತು ಕೊಂಚ ಚಪ್ಪಟೆಯಾದ ಇಂಥ ಗಾಲಿ ಒಂದು ಸುತ್ತು ಉರುಳಿದರೆ ಲಾರಿಯು ಸುಮಾರು ೩.೨ ಮೀಟರು ಮುಂದೆ ಸಾಗುವುದು. ಗಂಟೆಗೆ ೮೦ ಕಿಲೋಮೀಟರಿನ ವೇಗದಲ್ಲಿ ಗಾಲಿಯು ಗಂಟೆಗೆ ೨೫,೦೦೦ ಸುತ್ತು, ಎಂದರೆ ಸೆಕೆಂಡಿಗೆ ಹತ್ತಿರ ಹತ್ತಿರ ೭ ಸುತ್ತು ತಿರುಗಬೇಕಾಯಿತು.

ಜೋಳದ ಹೊಲದಲ್ಲಿ ಹಕ್ಕಿ ಓಡಿಸಲು ಕವಣೆ ಬೀಸಿದವರಿಗೆ, ಸುತ್ತುವ ಕಲ್ಲು ಹೊರಕ್ಕೆ ಜಗ್ಗುವ ಬಲವನ್ನು ವಿವರಿಸಬೇಕಾಗಿಲ್ಲ. ಕಲ್ಲಿನ ತೂಕ ಇಮ್ಮಡಿಸಿದರೆ ಜಗ್ಗುವ ಬಲ ಇಮ್ಮಡಿ. ಸುತ್ತುವ ವೇಗ ಇಮ್ಮಡಿಸಿದರೆ ಬಲ ನಾಲ್ಮಡಿ. ಗಾಲಿಯ ಸುತ್ತಲೂ ತೂಕ ಸಮನಾಗಿ ಹಂಚಿಕೆಯಾಗಿದ್ದಾಗ ಈ ಜಗ್ಗಾಟಗಳು ಒಂದನ್ನೊಂದು ಸರಿದೂಗಿಸಿಕೊಂಡು ಅಚ್ಚಿಗೆ ಏನೂ ತಿಳಿಯದು. ಆದರೆ ಒಂದು ಬದಿಯಲ್ಲಿ ಕೇವಲ ೨೦೦ ಗ್ರಾಂ ಹೆಚ್ಚು ತೂಕ, ಅದೂ ರಿಮ್ಮಿನಷ್ಟು ದೂರದಲ್ಲಿ, ಎಂದರೆ ನಡುವಿನಿಂದ ೨೫ ಸೆಂಟಿಮೀಟರಿನಲ್ಲಿ, ಇದೆಯೆನ್ನೋಣ. ೪೦ರ ವೇಗದಲ್ಲಿ ಅದು ಅಚ್ಚನ್ನು ಎರಡೂವರೆ ಕಿಲೋ ತೂಕಕ್ಕೆ ಸಮನಾದ ಬಲದಿಂದ ಜಗ್ಗುವುದು. ೮೦ರ ವೇಗದಲ್ಲಿ ಈ ಬಲ ಹತ್ತು ಕಿಲೋಗೆ ಸಮೀಪಿಸುವುದು.

ಎರೆಭೂಮಿಯ ನಾಡಿನಲ್ಲಿ ಮಾತು ೨೦೦ ಗ್ರಾಮಿಗೆ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಗಣಿಯ ಕೆಸರುದಾರಿಯಿಂದ ಹೊರಬಿದ್ದ ಲಾರಿಯ ಗಾಲಿಗಳ ಒಳಮೈಯನ್ನು ಬಗ್ಗಿ ನೋಡಿದರೆ, ಅಲ್ಲಿ ಮೆತ್ತಿಕೊಂಡ ಕರಿಮಣ್ಣೂ ಸುಣ್ಣಕಲ್ಲಿನ ಹಿಟ್ಟೂ ಬೆರೆತ ಹೆಂಟೆ ಕಾಣಿಸುವುದು. ರಾತ್ರಿ ಲಾರಿ ನಿಂತಾಗ ಈ ಕೆಸರು ಕೆಳಬದಿಗೆ ಇಳಿದು, ಬೆಳಗಿನ ಹೊತ್ತಿಗೆ ಗಾರೆಯಂತೆ ಗಟ್ಟಿಯಾಗುತ್ತದೆ. ಹೀಗೆ ಒಂದೇ ಬದಿಗೆ ಒಂದು ಕಿಲೋ ಮಣ್ಣು ಅಂಟಿತೆಂದರೆ, ೮೦ರ ವೇಗದಲ್ಲಿ ಅದು ಎಳೆಯುವ ಬಲ ಸುಮಾರು ೪೮ ಕಿಲೋ. ಒಂದು ಸಿಮೆಂಟಿನ ಚೀಲದ ತೂಕ ೫೦ ಕಿಲೋ. ಒಂದು ಚೀಲ ಸಿಮೆಂಟನ್ನು ಸೆಕೆಂಡಿಗೆ ಏಳು ಸಲ ಅಚ್ಚಿನ ಮೇಲೆ ಹೇರಿ, ಏಳು ಸಲ ಕೆಳಗಿನಿಂದ ಎತ್ತಿ ಒಗೆದರೆ ಏನಾದೀತೋ ಅದೇ ಆಗುತ್ತಿರುತ್ತದೆ. ಇಂಥ ನಡುಕಕ್ಕೆ ಮದ್ದು ಸೀಸದ ತುಂಡಲ್ಲ. ಒಂದು ಚಪ್ಪಟೆ ಸಲಾಕಿ, ಒಂದು ಕೊಡ ನೀರು. ಹಿಂದಿನ ಜೋಡಿ ಗಾಲಿಗಳ ನಡುವೆ ಸಿಕ್ಕಿಕೊಂಡ ಫರಸಿಯ ಚೂರೂ ಇದೇ ಬಗೆಯ ಕಿರುಕುಳ ಕೊಡುತ್ತದೆ. ಮೇಲಾಗಿ ಟೈರನ್ನು ಕೊಯ್ಯುತ್ತದೆ, ಸಿಡಿದರೆ ಹಿಂದೆ ಬರುವವರ ಗಾಜನ್ನು ಒಡೆಯುತ್ತದೆ.

ಹಿಂದೆ ಲಾರಿಗಳು ಹೊಂಡಬಿದ್ದ ರಸ್ತೆಗಳಲ್ಲಿ ನಲವತ್ತರ ಆಸುಪಾಸಿನಲ್ಲಿ ತೆವಳುತ್ತಿದ್ದಾಗ ಈ ದೂರು ವಿರಳವಾಗಿದ್ದುದು ಸಹಜವೇ. ರಸ್ತೆಯ ಕುಲುಕಾಟದಲ್ಲಿ ಗಾಲಿಯ ಅದುರು ಮುಚ್ಚಿಹೋಗುತ್ತಿತ್ತು, ವೇಗವೂ ಸಾಲುತ್ತಿರಲಿಲ್ಲ. ೨೦೧೮ರಲ್ಲಿ ಕೇಂದ್ರ ಸರಕಾರವು ಸರಕು ವಾಹನಗಳಿಗೆ ನಾಲ್ಕು ಪಥದ ಹೆದ್ದಾರಿಗಳಲ್ಲಿ ೮೦, ಇತರ ರಸ್ತೆಗಳಲ್ಲಿ ೬೦ ಕಿಲೋಮೀಟರಿನ ಮಿತಿಯನ್ನು ಗೊತ್ತುಪಡಿಸಿತು. ರಸ್ತೆ ನಯವಾದಂತೆ ಗಾಲಿಯ ದೋಷ ಬಯಲಿಗೆ ಬಂದಿತೆನ್ನಬಹುದು.

ಇನ್ನು, ೭೦ರಲ್ಲಿ ಕಾಡಿದ ನಡುಕ ವೇಗ ಏರಿದಾಗ ಅಡಗುವುದೇಕೆ? ಪಂಚಮಿಯ ಜೋಕಾಲಿಯನ್ನು ಜೀಕುವವರನ್ನು ನೋಡಿ. ಜೋಕಾಲಿಗೆ ತನ್ನದೇ ಆದ ಓಲಾಟದ ಲಯವೊಂದಿದೆ. ಆ ಲಯಕ್ಕೆ ಹೊಂದಿಸಿ ನೂಕಿದರೆ ಬೆರಳಿನ ಬಲವೇ ಸಾಕು, ಹೊತ್ತು ತಪ್ಪಿಸಿ ನೂಕಿದರೆ ತೋಳಿನ ಬಲವೂ ವ್ಯರ್ಥ. ಲಾರಿಯ ಒಂದೊಂದು ಅಂಗಕ್ಕೂ ಇಂಥ ಸ್ವಾಭಾವಿಕ ಆವೃತ್ತಿಯುಂಟು. ಕಮಾನು ಪಟ್ಟಿಗಳ ಮೇಲೆ ಕುಳಿತ ಒಡಲು ಸೆಕೆಂಡಿಗೆ ಎರಡು ಮೂರು ಸಲ ಓಲಾಡುತ್ತದೆ. ಉದ್ದನೆಯ ಚಾಸಿಯು ಬಿಲ್ಲಿನಂತೆ ಬಾಗಿ ಪುಟಿಯುವುದು ಸೆಕೆಂಡಿಗೆ ೬ರಿಂದ ೯ ಸಲ. ಟೈರುಗಳ ಮೇಲೆ ಅಚ್ಚು ಕುಣಿಯುವ ಆವೃತ್ತಿ ಹತ್ತರ ಆಸುಪಾಸಿನಲ್ಲಿದೆ. ಗಾಲಿಯ ಸುತ್ತುಗಳ ಸಂಖ್ಯೆ ಇವುಗಳಲ್ಲಿ ಒಂದಕ್ಕೆ ತಾಳೆಯಾದ ಕ್ಷಣದಲ್ಲಿ ಅನುರಣನ ಉಂಟಾಗಿ ಅಲ್ಪ ಬಲವು ಮಹಾ ನಡುಕವಾಗುವುದು. ಆ ವೇಗವನ್ನು ದಾಟಿದೊಡನೆ ತಾಳ ತಪ್ಪಿ ನಡುಕ ತಗ್ಗುವುದು. ಆದರೆ ಗಾಲಿಯ ದೋಷ ಮಾಯವಾಯಿತೆಂದು ತಿಳಿಯಬಾರದು. ಜಗ್ಗುವ ಬಲ ಇನ್ನೂ ಹೆಚ್ಚಾಗಿಯೇ ಇರುತ್ತದೆ, ಕುಣಿಯುವವರು ಇಲ್ಲವಾಗಿರುತ್ತಾರೆ ಅಷ್ಟೆ.

ಈ ತಾಳಕ್ಕೆ ಕುಣಿಯುವ ಇನ್ನೊಂದು ವಸ್ತು ಲಾರಿಯಲ್ಲಿದೆ. ಅದು ಚಾಲಕನ ದೇಹ. ಕುಳಿತ ಮನುಷ್ಯನ ಹೊಟ್ಟೆ, ಬೆನ್ನುಹುರಿಯ ಭಾಗಗಳು ಮೇಲುಕೆಳಗಿನ ಕಂಪನಕ್ಕೆ ಅತಿಯಾಗಿ ಸ್ಪಂದಿಸುವುದು ಸೆಕೆಂಡಿಗೆ ೪ರಿಂದ ೮ ಸಲದ ಆವೃತ್ತಿಯಲ್ಲಿ. ದೇಹದ ಮೇಲಿನ ಕಂಪನವನ್ನು ಅಳೆಯುವ ಕ್ರಮವನ್ನು ನಿಗದಿಪಡಿಸಿ ೧೯೭೪ರಲ್ಲಿ ಮೊದಲು ಪ್ರಕಟವಾದ ಅಂತರರಾಷ್ಟ್ರೀಯ ಮಾನದಂಡ ೨೬೩೧ ಈ ವ್ಯಾಪ್ತಿಗೇ ಹೆಚ್ಚಿನ ಮಹತ್ವ ಕೊಟ್ಟಿತು. ನಮ್ಮ ಲಾರಿಯ ಗಾಲಿಗೆ ಇದನ್ನು ಅನ್ವಯಿಸಿದರೆ ೪೬ರಿಂದ ೯೨ ಕಿಲೋಮೀಟರಿನ ವೇಗ ಬರುತ್ತದೆ. ಹೆದ್ದಾರಿಯ ಓಟವೆಲ್ಲ ಇದರೊಳಗೇ ಅಡಕವಾಯಿತಲ್ಲವೆ? ವರ್ಷಾನುಗಟ್ಟಲೆ ಲಾರಿ ನಡೆಸಿದವರ ನಡುನೋವನ್ನು ವಯಸ್ಸಿನ ಲೆಕ್ಕಕ್ಕೆ ಬರೆದುಬಿಡುವುದು ನ್ಯಾಯವೆಂದು ನಮಗೆ ತೋರುವುದಿಲ್ಲ.

ಇಲ್ಲಿಯವರೆಗೆ ಹೇಳಿದುದು ತೂಕದ ದೋಷ. ಇದಕ್ಕಿಂತ ಹೆಚ್ಚಾಗಿ ಜನರನ್ನು ಮೋಸಗೊಳಿಸುವುದು ಆಕಾರದ ದೋಷ. ಗಾಲಿಯ ತೂಕ ಸರಿಸಮನಾಗಿದ್ದೂ ಅದು ದುಂಡಗಿಲ್ಲದಿರಬಹುದು. ದುಂಡಗಿದ್ದೂ ಅದರ ನಡುವು ಅಚ್ಚಿನ ನಡುವಿಗೆ ಕೂಡದಿರಬಹುದು. ಗಾಳಿ ತುಂಬಿದ ಲಾರಿ ಟೈರನ್ನು ಒಂದೇ ಒಂದು ಮಿಲಿಮೀಟರು ಅಮುಕಲು ೮೦ರಿಂದ ೧೦೦ ಕಿಲೋ ಭಾರ ಬೇಕು. ಹಾಗಿರುವಲ್ಲಿ, ಸುತ್ತಳತೆಯ ಒಂದು ಕಡೆ ಎರಡು ಮಿಲಿಮೀಟರಿನ ಉಬ್ಬಿದ್ದರೆ ಅಚ್ಚಿನ ಮೇಲಿನ ಒತ್ತಡ ಪ್ರತಿ ಸುತ್ತಿಗೊಮ್ಮೆ ೧೫೦–೨೦೦ ಕಿಲೋ ಏರಿಳಿಯುವುದು. ಹಿಂದೆ ಕಂಡ ೨೦೦ ಗ್ರಾಮಿನ ಹತ್ತು ಕಿಲೋ ಬಲವನ್ನು ಇದರ ಪಕ್ಕದಲ್ಲಿಟ್ಟು ನೋಡಿರಿ. ಇನ್ನೊಂದು ಸೂಕ್ಷ್ಮವಿದೆ: ತೂಕದ ಬಲ ವೇಗದ ವರ್ಗಕ್ಕೆ ಅನುಸಾರವಾಗಿ ಬೆಳೆಯುವುದು, ಆಕಾರದ ಬಲ ವೇಗದೊಡನೆ ಬಹುವಾಗಿ ಬದಲಾಗದು. ಸೀಸ ಬಡಿದು ೬೦ರ ವೇಗದಲ್ಲಿ ಹೇಗೋ ಒಂದಕ್ಕೊಂದು ಸರಿದೂಗಿಸಿದರೂ ೮೦ರಲ್ಲಿ ಲೆಕ್ಕ ತಪ್ಪಿಯೇ ತಪ್ಪುತ್ತದೆ. ಸೊಟ್ಟ ಗಾಲಿಯನ್ನು ಸೀಸದಿಂದ ದುಂಡಗೆ ಮಾಡಲಾಗದು. ಫಲ ಕಾಣದೆ ಹಣ ಕಳೆದುಕೊಂಡವರ ಕಥೆಯ ಗುಟ್ಟು ಇದೇ.

ವಾಡಿ ಜಂಕ್ಷನ್ನಿನಲ್ಲಿ ನಿಂತು, ಹಾದುಹೋಗುವ ಗೂಡ್ಸ್ ಗಾಡಿಗೆ ಕಿವಿಗೊಟ್ಟರೆ ಆಕಾರದೋಷದ ದನಿಯನ್ನೇ ಕೇಳಬಹುದು. ಒಂದೊಂದು ವ್ಯಾಗನ್ನು ‘ಟಕ್ ಟಕ್ ಟಕ್’ ಎಂದು ಗಾಲಿಯ ಸುತ್ತಿಗೊಂದರಂತೆ ಕುಟ್ಟುತ್ತ ಹೋಗುವುದು. ಬ್ರೇಕು ಹಿಡಿದುಕೊಂಡು ಗಾಲಿ ಉರುಳದೆ ಜಾರಿದಾಗ ಸವೆದ ಚಪ್ಪಟೆ ಜಾಗದ ಪೆಟ್ಟು ಅದು. ಲಾರಿಯ ಟೈರಿಗೂ ಹೀಗಾಗುವುದುಂಟು. ನೈಲಾನ್ ನೂಲಿನ ಟೈರುಗಳಲ್ಲಿ ಬ್ರೇಕಿನ ಹಂಗಿಲ್ಲದೆಯೂ ಚಪ್ಪಟೆ ಬೀಳುತ್ತದೆ: ಬಿಸಿಯಾಗಿ ಬಂದು ನಿಂತ ಟೈರು ರಾತ್ರಿ ತಣಿದಾಗ ನೆಲಕ್ಕೆ ತಾಗಿದ ಭಾಗ ಹಾಗೆಯೇ ಸೆಟೆದಿರುತ್ತದೆ. ಬೆಳಗಿನ ಮೊದಲ ಕೆಲವು ಕಿಲೋಮೀಟರುಗಳಲ್ಲಿ ಕುಟ್ಟಿ, ಟೈರು ಬಿಸಿಯಾದ ಮೇಲೆ ಮರೆಯಾಗುವ ನಡುಕಕ್ಕೆ ಹೆದರಬೇಕಾಗಿಲ್ಲ. ತದ್ವಿರುದ್ಧವಾಗಿ, ದಿನದಿಂದ ದಿನಕ್ಕೆ ಬೆಳೆಯುವ ನಡುಕ, ಅದರೊಡನೆ ಟೈರಿನ ಮೇಲೊಂದು ಉಬ್ಬು ಕಂಡಿತೆಂದರೆ ಒಳಗಿನ ಪದರಗಳು ಬಿಟ್ಟುಕೊಳ್ಳುತ್ತಿವೆಯೆಂದು ತಿಳಿದು ಆ ಟೈರನ್ನು ಅಲ್ಲಿಯೇ ಇಳಿಸಬೇಕು.

ದೋಷವನ್ನು ಹುಡುಕುವ ಕ್ರಮ ಹೀಗೆ. ಅದೇ ವೇಗವನ್ನು ಒಂದು ಗೇರು ಕೆಳಗಿಳಿಸಿ ಕಾಯ್ದುಕೊಳ್ಳಬೇಕು. ಎಂಜಿನ್ನಿನ ಸುತ್ತು ಬದಲಾದರೂ ನಡುಕ ಬದಲಾಗದಿದ್ದರೆ ಎಂಜಿನ್ನು ನಿರಪರಾಧಿ. ಎಂಜಿನ್ನಿನ ಬಲವನ್ನು ಹಿಂದಕ್ಕೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟು ಗಾಲಿಯ ಐದಾರು ಪಟ್ಟು ವೇಗವಾಗಿ ತಿರುಗುವುದರಿಂದ ಅದರ ದೋಷ ಕುಲುಕಾಟವಾಗಿ ತೋರದೆ ಗುಂಯ್‌ಗುಡುವ ಮೊರೆತವಾಗಿ ಕೇಳಿಸುವುದು. ಸ್ಟೇರಿಂಗು ಅದುರಿದರೆ ಮುಂದಿನ ಗಾಲಿಯನ್ನೂ, ಆಸನವು ಅದುರಿದರೆ ಹಿಂದಿನವನ್ನೂ ಮೊದಲು ಸಂಶಯಿಸಬೇಕು. ೨೦–೩೦ರ ವೇಗದಲ್ಲೇ ಲಾರಿ ಕುಂಟಿದರೆ ಆಕಾರ, ೬೦ ದಾಟಿದ ಮೇಲಷ್ಟೇ ಕಾಣಿಸಿದರೆ ಬಹುಮಟ್ಟಿಗೆ ತೂಕ.

ಮುಂದಿನ ಅಚ್ಚನ್ನು ಜಾಕಿನಿಂದ ಎತ್ತಿ, ಭದ್ರವಾಗಿ ಆಧಾರ ಕೊಟ್ಟು, ಸ್ಥಿರವಾದ ಕಲ್ಲಿನ ಮೇಲೆ ಸೀಮೆಸುಣ್ಣದ ಕಡ್ಡಿಯೊಂದನ್ನು ಟೈರಿಗೆ ತಾಗೀತಾಗದಂತೆ ಹಿಡಿದು ಗಾಲಿಯನ್ನು ಮೆಲ್ಲಗೆ ತಿರುಗಿಸಿರಿ. ಸುಣ್ಣವು ಸುತ್ತಲೂ ಗೀಚಿದರೆ ಗಾಲಿ ದುಂಡಗಿದೆ. ಒಂದೇ ಕಡೆ ಗೀಚಿದರೆ ಅದೇ ಉಬ್ಬು. ಟೈರಿನ ಪಕ್ಕದ ಮೈಮೇಲೆ, ರಿಮ್ಮಿನ ಅಂಚಿಗೆ ಸಮೀಪದಲ್ಲಿ, ತೆಳುವಾದ ಏಣೊಂದು ಸುತ್ತುವರಿದಿರುತ್ತದೆ. ಅದಕ್ಕೂ ರಿಮ್ಮಿಗೂ ಇರುವ ಅಂತರ ಸುತ್ತಲೂ ಒಂದೇ ಆಗಿರದಿದ್ದರೆ ಟೈರು ರಿಮ್ಮಿನಲ್ಲಿ ಓರೆಯಾಗಿ ಕೂತಿದೆ. ಗಾಳಿ ಪೂರ್ತಿ ಇಳಿಸಿ, ಅಂಚಿಗೆ ಸಾಬೂನು ನೀರು ಸವರಿ ಮತ್ತೆ ಕೂರಿಸಿದರೆ ಎಷ್ಟೋ ಲಾರಿಗಳ ನಡುಕ ಇಲ್ಲಿಗೇ ಮುಗಿಯುವುದು. ಆದರೆ ಬೀಗದ ಬಳೆಯಿರುವ ಬಹುತುಂಡಿನ ರಿಮ್ಮನ್ನು ಅನುಭವಿಗಳಲ್ಲದವರು ಮುಟ್ಟಕೂಡದು. ಒಳಗೆ ಚದರ ಅಂಗುಲಕ್ಕೆ ೧೦೦ ಪೌಂಡನ್ನು ಮೀರಿದ ಒತ್ತಡವಿದ್ದು, ಸರಿಯಾಗಿ ಕೂರದ ಬಳೆ ಸಿಡಿದು ಎದುರಿಗಿದ್ದವರನ್ನು ಕೊಂದೀತು. ಅದಕ್ಕಾಗಿಯೇ ಕಬ್ಬಿಣದ ಪಂಜರದೊಳಗಿಟ್ಟು ಗಾಳಿ ತುಂಬುವುದು ಸರಿಯಾದ ಪದ್ಧತಿ.

ಯಾವ ಗಾಲಿಯೆಂದು ಗೊತ್ತಾಗದಿದ್ದರೆ ಒಂದೊಂದನ್ನೇ ಇಳಿಸಿ ಸ್ಟೆಪ್ನಿಯನ್ನು ತೊಡಿಸಿ ಓಡಿಸಿ ನೋಡುವುದು ಹಳೆಯ ಉಪಾಯ. (ನಮ್ಮ ಚಾಲಕರೆಲ್ಲ ನಿತ್ಯ ನುಡಿಯುವ ಈ ‘ಸ್ಟೆಪ್ನಿ’ ವೇಲ್ಸ್ ದೇಶದ ಲನೆಲಿ ಪಟ್ಟಣದ ಒಂದು ಬೀದಿಯ ಹೆಸರು, ಅಲ್ಲಿ ಡೇವಿಸ್ ಸೋದರರು ೧೯೦೪ರಲ್ಲಿ ಹೆಚ್ಚುವರಿ ಗಾಲಿಯನ್ನು ರೂಪಿಸಿದರು.) ದುಂಡಗಿರುವ ಗಾಲಿಗೆ ಮಾತ್ರ ಆಮೇಲೆ ತೂಕ ಸರಿದೂಗಿಸಿದರೆ ಸಾರ್ಥಕ. ಇದರ ತತ್ತ್ವವನ್ನು ವಾಚಕರು ಮನೆಯಲ್ಲೇ ಪರೀಕ್ಷಿಸಬಹುದು. ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ ಮುಂದಿನ ಗಾಲಿಯನ್ನು ಮೆಲ್ಲಗೆ ಬಿಟ್ಟರೆ, ಅದು ಅತ್ತಿತ್ತ ಓಲಾಡಿ ಭಾರದ ಬದಿಯನ್ನು ಕೆಳಗೆ ಮಾಡಿ ನಿಲ್ಲುವುದು. ಎದುರು ಬದಿಗೆ ಹಸಿಮಣ್ಣಿನ ಉಂಡೆಯನ್ನು ಸ್ವಲ್ಪಸ್ವಲ್ಪವಾಗಿ ಅಂಟಿಸುತ್ತ ಹೋದರೆ ಕಡೆಗೊಮ್ಮೆ ಗಾಲಿ ಎಲ್ಲಿ ಬಿಟ್ಟರೆ ಅಲ್ಲಿಯೇ ನಿಲ್ಲುತ್ತದೆ. ಲಾರಿಯ ಗಾಲಿಯನ್ನು ಯಂತ್ರಕ್ಕೇರಿಸಿ ತಿರುಗಿಸುವುದು, ಒಳಬದಿ ಹೊರಬದಿಗಳ ತೂಕವನ್ನೂ ಬೇರೆಬೇರೆಯಾಗಿ ಅಳೆಯುವ ಸಲುವಾಗಿ.

ಕೊನೆಯದಾಗಿ ನಟ್ಟುಗಳ ಮಾತು; ಎಲ್ಲಕ್ಕಿಂತ ಅಪಾಯದ್ದು ಇದೇ. ಗಾಲಿಯು ಹಬ್ಬಿಗೆ ಅಂಟಿ ನಿಲ್ಲುವುದು ಎರಡು ಲೋಹದ ಮುಖಗಳ ನಡುವಿನ ಬಿಗಿ ಒತ್ತಡದಿಂದ. ಆ ಮುಖಗಳ ನಡುವೆ ಸಿಮೆಂಟಿನ ಧೂಳು, ಸುಣ್ಣದ ಪದರ, ತುಕ್ಕು, ದಪ್ಪ ಬಣ್ಣ ಇವುಗಳಲ್ಲಿ ಯಾವುದೇ ಸಿಕ್ಕಿಕೊಂಡರೆ ಮೊದಲು ನಟ್ಟು ಬಿಗಿಯಾದಂತೆ ತೋರುತ್ತದೆ. ಓಡಿದಂತೆ ಆ ಪದರ ಪುಡಿಯಾಗಿ ಉದುರಿ ಬಿಗಿ ಸಡಿಲುವುದು, ಗಾಲಿ ನಡುಗುವುದು, ನಡುಕದಿಂದ ನಟ್ಟು ಇನ್ನೂ ಸಡಿಲುವುದು. ಕಡೆಗೆ ಬೋಲ್ಟುಗಳು ಮುರಿದು, ನೂರು ಕಿಲೋ ತೂಗಬಹುದಾದ ಗಾಲಿಯು ಲಾರಿಗಿಂತ ಮುಂದೆ ತಾನೊಂದೇ ಉರುಳಿಹೋಗುವುದು. ಆದುದರಿಂದ ಗಾಲಿ ತೊಡಿಸುವ ಮುನ್ನ ಮುಖಗಳನ್ನು ತಂತಿಯ ಬ್ರಷ್ಷಿನಿಂದ ಉಜ್ಜಬೇಕು. ನಟ್ಟುಗಳನ್ನು ಸಾಲಾಗಿ ಬಿಗಿಯದೆ ಎದುರುಬದುರಾಗಿ, ತಯಾರಕರು ಹೇಳಿದ ಅಳತೆಗೆ ಬಿಗಿಯಬೇಕು. ಅನಂತರ ೫೦ರಿಂದ ೧೦೦ ಕಿಲೋಮೀಟರು ಓಡಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿ ಬಿಗಿಯಬೇಕು. ರಾವೂರಿನಿಂದ ಹೈದರಾಬಾದಿನ ಕಡೆಗೆ ಹೊರಟ ಲಾರಿಗೆ, ಸೇಡಂ ದಾಟಿದ ಮೇಲೆ ಚಹಾಕ್ಕೆಂದು ನಿಲ್ಲಿಸುವ ಮೊದಲ ಜಾಗವೇ ಇದಕ್ಕೆ ತಕ್ಕುದು.